ಎಡಗೈ ಹೆಬ್ಬೆಟ್ಟು

ಮಾಜಿ ಶಾಸಕರ ಪಿಂಚಣಿಗೆ ವರ್ಷಕ್ಕೊಮ್ಮೆ ಕ್ಷೇತ್ರದ ಒಬ್ಬ ಮತದಾರರ ಹೆಬ್ಬೆಟ್ಟು ಬೇಕಿತ್ತು. ಈ ಸಲ ಚೀಟಿ ಎತ್ತಿದಾಗ ಬಂದದ್ದು ಶಾಲೆಯ ಬಿಸಿಯೂಟದ ಅಡುಗೆಯವಳಾಗಿದ್ದ ನೀಲವ್ವನ ಹೆಸರು. ಗಡುವಿನ ಕೊನೆಯ ದಿನ ಮಾಜಿ ಶಾಸಕ ವೀರಭದ್ರಗೌಡರು ಹೆಬ್ಬೆಟ್ಟಿನ ಯಂತ್ರ ಹಿಡಿದ ಗುಮಾಸ್ತನನ್ನು ಕರೆದುಕೊಂಡು, ತಾವೇ ಹಣ್ಣಿನ ಬುಟ್ಟಿ ಹೊತ್ತು ಅವಳ ಮನೆಗೆ ಬಂದರು.

ನೀಲವ್ವ ಯಂತ್ರದ ಮೇಲೆ ಬಲಗೈ ಹೆಬ್ಬೆರಳು ಒತ್ತಿದಳು. ಗುರುತು ಮೂಡಲಿಲ್ಲ.

"ಸಾಲ್ಯಾಗ ಸಾರು ಬಿದ್ದು ಸುಟ್ಟ ಬೆರಳ್ರೀ ಇದು. ಪರಿಹಾರ ಕೇಳಾಕ ನಿಮ್ಮ ಬಾಗಲದಾಗ ಮೂರು ದಿನ ಕುಂತಿದ್ದೆ. ನೀವು ಹೊರಗ ಬರಲಿಲ್ಲ."

"ತಪ್ಪಾತಬೇ. ಎಡಗೈದು ಇಡು, ಅದೂ ನಡೀತೈತಿ."

"ನಡೀತೈತಿ ಅಂತ ನನಗೂ ಗೊತ್ತೈತ್ರಿ," ಎಂದು ನೀಲವ್ವ ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಗೌಡರು ಕೈಮುಗಿದರು. ಸಂಜೆ ಐದಕ್ಕೆ ಗುಮಾಸ್ತ ಯಂತ್ರ ಮುಚ್ಚುವವರೆಗೂ ಅವಳು ಆ ಕೈಯನ್ನು ಹೊರಗೆ ತೆಗೆಯಲಿಲ್ಲ.