ನಡು ಹಂಗಾಮಿನ ಅದಲುಬದಲು

ಆಟ ಅರ್ಧಕ್ಕೆ ಬಂದಿರಲಿಲ್ಲ, ತರಬೇತುದಾರ ಮೇಬ್ರಿಯನ್ನು ಅಂಕಣದಿಂದ ಕರೆದು ಬೆಂಚಿನ ಮೇಲೆ ಕೂರಿಸಿದ. ಕಾರಣ ಹೇಳಲಿಲ್ಲ. ಬ್ಯಾಸ್ಕೆಟ್‌ಬಾಲ್ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ವಾರ ಅದು. ಬೆಂಚಿನ ಹಿಂದೆಯೇ ಪ್ರೇಕ್ಷಕರ ಸಾಲಿನಲ್ಲಿದ್ದ ಹೈನುಗಾರ ಮುದುಕ ವೋಗ್ಟ್‌ನ ಫೋನಿಗೆ ಸುದ್ದಿ ಆಗಲೇ ಬಂದಿತ್ತು.

"ಮೇಬ್ರೀನ ಪೋರ್ಟ್‌ಲ್ಯಾಂಡಿಗೆ ಕೊಟ್ಬಿಟ್ರು ಕಣೋ. ಬದಲಿಗೆ ಒಳ್ಳೆ ಎತ್ತರದ ಆಳು ಬರ್ತಾನೆ. ನಮಗೇ ಲಾಭ," ಎಂದ ಪಕ್ಕದ ಲೀರಾಯ್‌ಗೆ.

"ಬತ್ತಿದ ಹಸು ಕೊಟ್ಟು ಕರೆಯೋ ಹಸು ತಂದಂಗಾಯ್ತು ಬಿಡು!" ಲೀರಾಯ್ ತೊಡೆ ತಟ್ಟಿ ನಕ್ಕ.

ಮೇಬ್ರಿ ಮೆಲ್ಲಗೆ ತಿರುಗಿದ. ಐದು ವರ್ಷದಿಂದ ವೋಗ್ಟ್ ತಂದುಕೊಟ್ಟ ಚೀಸು ತಿಂದವನು. "ಯಾವೂರು ಅಂದ್ರಿ, ತಾತ?"

ವೋಗ್ಟ್ ಫೋನನ್ನು ಮಡಿಲಿಗಿಳಿಸಿದ. "ಪೋರ್ಟ್‌ಲ್ಯಾಂಡು ಕಣಪ್ಪಾ. ನಿಂಗೆ ಹೇಳಿರ್ತಾರೆ ಅನ್ಕೊಂಡೆ."

"ನನ್ನ ಹೆಂಡ್ತಿ ಜನೆಲ್‌ಗೆ ಇವತ್ತೋ ನಾಳೆಯೋ ಹೆರಿಗೆ. ಮನೇಲಿ ಒಬ್ಳೇ ಟಿವಿ ಮುಂದೆ ಕೂತಿದಾಳೆ. ಟಿವಿಯವರು ಹೇಳೋಕೆ ಮುಂಚೆ ನಾನು ಹೇಳ್ಬೇಕು. ನನ್ನ ಫೋನು ಒಳಗೆ ಬೀಗದಲ್ಲಿದೆ."

ವೋಗ್ಟ್ ತನ್ನ ಫೋನನ್ನೇ ಚಾಚಿದ. ಮೇಬ್ರಿ ಬೆವರುಗೈಯನ್ನು ಚಡ್ಡಿಗೆ ಒರೆಸಿಕೊಂಡು ಅದನ್ನು ಹಿಡಿದ. ಅಂಕಿಗಳ ಮೇಲೆ ಹೋದ ಹೆಬ್ಬೆರಳು ಅಲ್ಲೇ ನಿಂತಿತು.

"ಅವಳ ನಂಬರು ಬಾಯಿಪಾಠ ಇಲ್ಲ, ತಾತ," ಎಂದ. "ಯಾವತ್ತೂ ಅವಳ ಹೆಸರು ಒತ್ತಿದ್ದೇ ಹೊರತು..."