ಗಗನಳ ಹತ್ತು ಪ್ರತಿ

ಒಂಬತ್ತನೆಯ ಪ್ರತಿಯಲ್ಲೂ ಕೊನೆಯ ಹಾಳೆ ಇರಲಿಲ್ಲ.

ಶೋಭಿತಾ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹರಿದದ್ದಲ್ಲ, ಬ್ಲೇಡಿನಿಂದ ಕೊಯ್ದದ್ದು. ಹೊಲಿಗೆ ಸಡಿಲವಾಗದಂತೆ ಬುಡದಲ್ಲಿ ಬೆರಳಗಲ ಬಿಟ್ಟು, ನೇರವಾಗಿ ಕೊಯ್ದಿದ್ದರು. ಪುಸ್ತಕ ಕಟ್ಟುವುದನ್ನು ಹತ್ತಿರ ಕೂತು ನೋಡಿದವರಿಗೆ ಮಾತ್ರ ಹೊಳೆಯುವ ಎಚ್ಚರ ಅದು.

"ಮನೆಗೆ ಯಾರು ಬಂದಿದ್ರು ಮೇಡಂ?"

ಶಶಿರೇಖಾ ಮಳವಳ್ಳಿಯ ನಿವೃತ್ತ ಶಿಕ್ಷಕಿ. ಮುಜುಗರದಿಂದ ಸೆರಗು ಸರಿಪಡಿಸಿಕೊಂಡರು. "ಮೊನ್ನೆ ನಿಮ್ಮ ತಂದೆಯವರು ಬಂದಿದ್ರಮ್ಮ. ಮಗಳು ಮಾಡಿದ್ದು, ಒಂದ್ಸಲ ನೋಡ್ತೀನಿ ಅಂದ್ರು. ನಾನು ಕಾಫಿ ಮಾಡೋಕೆ ಒಳಗೆ ಹೋಗಿದ್ದೆ."

ಇನ್ನೊಂದು ಪ್ರತಿ ಕೊಂಡಿದ್ದ ಮದ್ದೂರಿನವರೂ ಇದನ್ನೇ ಹೇಳಿದ್ದರು. ಅಲ್ಲಿ ಅಪ್ಪ ಕುಡಿಯಲು ನೀರು ಕೇಳಿದ್ದನಂತೆ.

ಅಪ್ಪನಿರುವ ಹನಕೆರೆಗೆ ಹೊರಟ ಶೋಭಿತಾ ಬಸ್ಸಿನಲ್ಲಿ ಚೀಲವನ್ನು ಎದೆಗೆ ಅವುಚಿಕೊಂಡು ಕೂತಳು. ಹೇಳಬೇಕಾದ ಮಾತನ್ನು ಹನ್ನೊಂದು ವರ್ಷದಿಂದ ನುಂಗಿಕೊಂಡೇ ಬಂದಿದ್ದಳು.

ಅಕ್ಕ ಗಗನ ನಾಲೆಯ ಪಾಲಾದಾಗ ಅವಳಿಗೆ ಹತ್ತೊಂಬತ್ತು. ರವಿಚಂದ್ರ ಎಂಬ ಬೇರೆ ಜಾತಿಯ ಹುಡುಗನನ್ನು ಇಷ್ಟಪಟ್ಟಿದ್ದಳು. ಚಿಕ್ಕಪ್ಪ ಪುಟ್ಟಸ್ವಾಮಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಅಪ್ಪ ಚಲುವರಾಜು ಒಂದು ಮಾತೂ ಆಡಲಿಲ್ಲ. ಆ ಮೌನವೇ ಮನೆಯನ್ನು ಹೆದರಿಸಿತ್ತು. ಒಂದು ಬೆಳಗ್ಗೆ ನಾಲೆ ಏರಿಯ ಮೇಲೆ ಅಕ್ಕನ ಚಪ್ಪಲಿ ಸಿಕ್ಕಿದವು. ಹೆಣ ಸಿಗಲಿಲ್ಲ. ಕೂಗಾಡಿದ ಚಿಕ್ಕಪ್ಪನೇ ಮೂರು ದಿನ ನೀರಿಗಿಳಿದು ಹುಡುಕಿದ. ಇಡೀ ನಾಲೆ ಜಾಲಾಡಿ ಬಂದೆ ಎಂದ ಅಪ್ಪನ ಪಂಚೆ ಮಾತ್ರ ಒದ್ದೆಯಾಗಿರಲಿಲ್ಲ. ಹದಿನೈದರ ಶೋಭಿತಾ ಅದನ್ನು ನೋಡಿದಳು. ಯಾರಿಗೂ ಹೇಳಲಿಲ್ಲ. ಅವ್ವ ಮೊದಲೇ ತೀರಿಕೊಂಡಿದ್ದಳು, ಇನ್ನು ಹೇಳುವುದು ಯಾರಿಗೆ.

ಆಮೇಲೆ ಅಪ್ಪ ತಿಥಿ ಮಾಡಲಿಲ್ಲ. ಫೋಟೊಗೆ ಹಾರ ಹಾಕಲೂ ಬಿಡಲಿಲ್ಲ. ತಿಂಗಳಿಗೊಮ್ಮೆ ಬಂಡೂರಿಗೆ ಕುರಿ ನೋಡಿಬರುತ್ತೇನೆಂದು ಹೋಗಿ, ಮರುದಿನ ಬರಿಗೈಯಲ್ಲಿ ವಾಪಸಾಗುತ್ತಿದ್ದ. ಯಾವ ದೇವರಿಗೆ ತಪ್ಪುಕಾಣಿಕೆ ಹಾಕಿ ಬರುತ್ತಾನೋ ಎಂದು ಶೋಭಿತಾ ಅಂದುಕೊಂಡದ್ದುಂಟು.

ಈಗ ಅವಳಿಗೆ ಮಂಡ್ಯದಲ್ಲಿ ಒಂದು ಬಾಡಿಗೆ ಕೋಣೆಯಿದೆ. ಕಾಗದವನ್ನೂ ತಾನೇ ಮಾಡಿ ಪುಸ್ತಕ ಕಟ್ಟುತ್ತಾಳೆ. ಹಳೆಯ ಹತ್ತಿ ಬಟ್ಟೆ, ಕಬ್ಬಿನ ಸಿಪ್ಪೆ ಬೇಯಿಸಿ, ಅರೆದು, ತೊಟ್ಟಿಯ ನೀರಿಗೆ ಸುರಿದು, ಜರಡಿಯಲ್ಲಿ ಹಾಳೆ ಎತ್ತುವುದು. ಜರಡಿ ನೀರಿನಿಂದ ಮೇಲೆ ಬರುವಾಗಲೆಲ್ಲ ಅವಳ ಎದೆ ಹೊಡೆದುಕೊಳ್ಳುತ್ತದೆ. ಅಕ್ಕನ ಕೂದಲು ಸಿಕ್ಕಿಕೊಂಡು ಬಂದೀತೆಂಬ ಭಯ. ಆ ಭಯ ಕಳೆಯಲೆಂದೇ ಈ ವರ್ಷ ಅಕ್ಕನ ದಾವಣಿಗಳನ್ನು ಅರೆದು, 'ಗಗನ' ಎಂಬ ಪುಸ್ತಕ ಮಾಡಿದಳು. ಹತ್ತೇ ಪ್ರತಿ. ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಮುಖ: ಬದುಕಿದ್ದರೆ ಮೂವತ್ತಕ್ಕೆ ಅಕ್ಕ ಹೀಗಿರುತ್ತಿದ್ದಳು ಎಂದು. ಅವ್ವನ ಹಳೆಯ ಫೋಟೊ ಎದುರಿಗಿಟ್ಟುಕೊಂಡು, ಅವ್ವನ ಕೆನ್ನೆ, ಅಪ್ಪನ ಹುಬ್ಬು, ಅವ್ವನಿಗಿದ್ದಂತೆ ಹಣೆಯ ಮೇಲೊಂದು ಬಿಳಿ ಕೂದಲ ಎಳೆ ಸೇರಿಸಿ ಹತ್ತು ಸಲ ಬರೆದಿದ್ದಳು.

ಮಂಡ್ಯದ ಪ್ರದರ್ಶನದಲ್ಲಿ ಆ ಹಾಳೆಯ ಮುಂದೆ ನಿಂತ ಅಪ್ಪ ಬೆವರಿದ. ತಟ್ಟನೆ ಹೊರಗೆ ಹೋದ. ಚಿಕ್ಕಪ್ಪ ಮಾತ್ರ ಅಲ್ಲಾಡದೆ ನಿಂತಿದ್ದ. ಪುಟವನ್ನು ಕಣ್ಣಿನ ಹತ್ತಿರ ತಂದು ನೋಡಿದ.

"ಈ ಮೊಕ ಎಲ್ ನೋಡ್ದವ್ವ?"

"ಎಲ್ಲೂ ಇಲ್ಲ ಚಿಕ್ಕಪ್ಪ. ಊಹಿಸ್ಕೊಂಡು ಬರ್ದಿದ್ದು."

ಅವನೊಂದು ಪ್ರತಿ ಕೊಂಡ. ಲಾರಿಯಲ್ಲಿ ಊರೂರು ತಿರುಗುವವನು. "ಓದ್ ಕಡೇಲೆಲ್ಲ ನಾಕ್ ಜನಕ್ಕೆ ತೋರುಸ್ತೀನಿ," ಎಂದ. ಶೋಭಿತಾಳ ಕಣ್ಣು ತುಂಬಿ ಬಂದಿತ್ತು. ಹೇಳಿದಂತೆಯೇ ಮಾಡಿದ. ತೆರೆದೂ ತೆರೆದೂ ಕೊನೆಯ ಹಾಳೆಯ ಹತ್ತಿರ ಪುಸ್ತಕದ ಬೆನ್ನು ಮುರಿದು ಹೊಲಿಗೆ ಬಿಟ್ಟಿತ್ತು. ಬೇಗ ಕಟ್ಟಿಕೊಡು ಎಂದು ನಿನ್ನೆ ಕೊಟ್ಟು ಹೋಗಿದ್ದ. ಹತ್ತರಲ್ಲಿ ಮುಖ ಉಳಿದಿರುವ ಪ್ರತಿ ಅದೊಂದೇ. ಅದು ಅವಳ ಚೀಲದಲ್ಲಿತ್ತು.

ಅಪ್ಪ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ. ಪಕ್ಕದ ಮನೆಯ ಮುಂದೆ ಚಿಕ್ಕಪ್ಪನ ಲಾರಿ ನಿಂತಿತ್ತು.

"ಹಾಳೆಗಳ್ನ ಎಲ್ಲಿಟ್ಟಿದ್ದೀಯಪ್ಪ?"

ಅಪ್ಪ ತಲೆಯೆತ್ತಲಿಲ್ಲ. "ಸುಟ್ಟಾಕ್ದೆ."

"ಒಂಬತ್ತನ್ನೂನಾ?"

"ಊಂ."

ಶೋಭಿತಾ ಕಂಬ ಹಿಡಿದು ಕೂತಳು. "ಆವತ್ತು ನಿನ್ನ ಪಂಚೆ ಒದ್ದೆಯಾಗಿರ್ಲಿಲ್ಲ. ನಾನು ನೋಡ್ದೆ. ನೀನು ನಾಲೆ ತಾವ ಹೋಗೇ ಇರ್ಲಿಲ್ಲ."

ಅಪ್ಪನ ಬೆರಳು ನಿಂತವು. "ಮೆತ್ತಗೆ ಮಾತಾಡು. ನಿಮ್ ಚಿಕ್ಕಪ್ಪ ಮನೇಲವ್ನೆ."

"ಕೇಳಿಸ್ಕೊಳ್ಳಲಿ. ಅಕ್ಕನ್ನ ಏನು ಮಾಡ್ದೆ ಹೇಳು."

ಅವನು ಅವಳ ಚೀಲವನ್ನೇ ನೋಡಿದ. "ಅವ್ನ ಪುಸ್ತಕ ನಿನ್ತಾವ ಅದಂತೆ. ತಗಿ."

ಅವಳು ತೆಗೆದು ಜಗಲಿಯ ಮೇಲಿಟ್ಟಳು. ಬೆನ್ನು ಮುರಿದ ಪುಸ್ತಕ ತಾನಾಗಿಯೇ ಕೊನೆಯ ಹಾಳೆಗೆ ತೆರೆದುಕೊಂಡಿತು. ಅಪ್ಪ ಆ ಮುಖವನ್ನು ಒಂದು ಗಳಿಗೆ ನೋಡಿದ. ಜೇಬಿನಿಂದ ಬ್ಲೇಡು ತೆಗೆದ.

ಶೋಭಿತಾ ಅವನ ಮಣಿಕಟ್ಟು ಹಿಡಿದಳು. "ಇದನ್ನ ಮುಟ್ಬೇಡ. ಸಾಯ್ಸಿದ್ದು ಸಾಲ್ದಾ? ಅಕ್ಕ ಅಂತ ನಂಗೆ ಉಳಿದಿರೋದು ಇದೊಂದೇ."

ಅಪ್ಪ ಕೈ ಬಿಡಿಸಿಕೊಳ್ಳಲಿಲ್ಲ. ಲಾರಿಯ ಕಡೆ ಒಮ್ಮೆ ತಿರುಗಿ ನೋಡಿ, ಅವಳ ಕಿವಿಯ ಹತ್ತಿರಕ್ಕೆ ಬಗ್ಗಿದ.

"ಬುಡವ್ವ. ನಿಮ್ಮಕ್ಕ ಈಗ ಥೇಟು ಇಂಗೇ ಅವ್ಳೆ. ಓದ್ವಾರ ನಂಗೆ ಮುದ್ದೆ ಬಡ್ಸುದ್ಲು."