ತಡವಾಗಿ ತಿರುಗುವ ಕಾರು

ಎಲ್ಲೋ ದೂರದ ಸರ್ವರಿನಲ್ಲಿ ಓಡುವ ಕಾರ್ ರೇಸನ್ನು ಇಂಟರ್ನೆಟ್ಟಿನಲ್ಲಿ ಆಡಿಸುವ ಹೊಸ ಮಳಿಗೆ ಅದು. ಇಲ್ಲಿ ಸ್ಟೀರಿಂಗ್ ತಿರುಗಿಸಿದರೆ ಪರದೆಯ ಮೇಲೆ ಕಾರು ತಿರುಗಲು ಅರ್ಧ ಸೆಕೆಂಡು ಬೇಕಿತ್ತು. ಕಾಲೇಜು ಹುಡುಗರೆಲ್ಲ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದರು.

"ಎಂತ ಲ್ಯಾಗ್ ಮಾರಾಯ್ರೇ! ಇದನ್ನು ಯಾರು ಆಡ್ತಾರೆ?"

ಈ ವಾರ ಜನ ಸೇರದಿದ್ದರೆ ಮಳಿಗೆ ಮುಚ್ಚಬೇಕಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ಸಪ್ಪೆ ಮುಖ ಹಾಕಿ ಕೂತಿದ್ದಾಗ ದೂಮಣ್ಣ ಎಂಬ ಮುದುಕರೊಬ್ಬರು ಬಂದರು. ಒಮ್ಮೆಯೂ ಗೋಡೆಗೆ ತಾಗದೆ ಮೂರು ಸುತ್ತು ಮುಗಿಸಿದರು.

"ಅಜ್ಜಾ, ಲ್ಯಾಗ್ ಗೊತ್ತಾಗ್ಲಿಲ್ವಾ?"

"ಹಾಗಂದ್ರೆ ಎಂತದ್ದು? ಗಾಡಿ ಭಾರೀ ಲಾಯ್ಕುಂಟು. ನಾಳೆಯೂ ಬರ್ತೇನೆ."

ಅವಳು ಕೂಡಲೇ ಆಫೀಸಿಗೆ ಫೋನ್ ಮಾಡಿದಳು. "ಸರ್, ಲ್ಯಾಗ್ ಇದ್ದೂ ಒಬ್ರು ಅಜ್ಜ ಇಷ್ಟು ಚೆನ್ನಾಗಿ ಆಡಿದ್ರು. ಅದನ್ನೊಂದು ತೆಗೆದುಬಿಟ್ರೆ ಇವರೇ ನಮ್ಮ ಚಾಂಪಿಯನ್!"

ಎಂಜಿನಿಯರುಗಳು ಆಟವನ್ನು ಹತ್ತಿರದ ಸರ್ವರಿಗೆ ತಂದರು. ಲ್ಯಾಗ್ ಮಾಯವಾಯಿತು. ಮರುದಿನ ಹುಡುಗರು ಮುಗಿಬಿದ್ದರು. ಅವರನ್ನೆಲ್ಲ ಸರಿಸಿ ಅವಳು ದೂಮಣ್ಣನವರನ್ನು ಕೂರಿಸಿದಳು.

ತಿರುವು ಬರುವ ಮೊದಲೇ ಅವರು ಸ್ಟೀರಿಂಗ್ ತಿರುಗಿಸಿದರು, ಕಾರು ಗೋಡೆಗೆ ಗುದ್ದಿತು. ಇನ್ನೊಮ್ಮೆ ಆಡಿದರು, ಮತ್ತೆ ಗುದ್ದಿತು. ಹುಡುಗರು ಹೋ ಎಂದು ಕೂಗಿದರು.

"ಎಂತಾಯ್ತು ಅಜ್ಜಾ?"

"ನನಗೆ ಎಂತದೂ ಆಗ್ಲಿಲ್ಲ ಮಗಾ, ನಿನ್ನ ಗಾಡಿಯೇ ಹಾಳಾಗಿದೆ. ನಲವತ್ತು ವರ್ಷ ಮೀನಿನ ಬೋಟು ನಡೆಸಿದವ ನಾನು. ಚುಕ್ಕಾಣಿ ತಿರುಗಿಸಿದ ಕೂಡಲೇ ತಿರುಗುವ ಬೋಟು ಎಲ್ಲಿಯಾದ್ರೂ ಉಂಟಾ?"